ಮೊದಲು ಗುಣಲಬ್ಧದ ನಿಯಮವೋ, ಸರಪಳಿ ನಿಯಮವೋ?

ಪ್ರಶ್ನೆ: ಸರ್, ನಾನು ಜಮಖಂಡಿಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಳೆದ ವರ್ಷ ಅವಕಲನದಲ್ಲಿ (ಡಿಫರೆನ್ಸಿಯೇಶನ್) ಗುಣಲಬ್ಧದ ನಿಯಮ (ಪ್ರಾಡಕ್ಟ್ ರೂಲ್) ಕಲಿತಾಗ ತೊಂದರೆ ಇರಲಿಲ್ಲ. ಈ ವರ್ಷ ಸರಪಳಿ ನಿಯಮ (ಚೈನ್ ರೂಲ್) ಬಂದ ಮೇಲೆ ತ್ರಿಕೋನಮಿತಿಯ ಲೆಕ್ಕಗಳಲ್ಲಿ ಎರಡೂ ಕಲಸಿಹೋಗಿವೆ. ಎಕ್ಸ್² ಸೈನ್ 3ಎಕ್ಸ್ ಎಂಬುದಕ್ಕೆ ನಾನು 2ಎಕ್ಸ್ ಕಾಸ್ 3ಎಕ್ಸ್ ಎಂದು ಬರೆದೆ, ತಪ್ಪಾಯಿತು. ಸೈನ್² ಎಕ್ಸ್ ಮತ್ತು ಸೈನ್ ಎಕ್ಸ್² ಇವುಗಳ ನಡುವೆಯೂ ಗೊಂದಲವಾಗುತ್ತದೆ. ಎರಡೂ ನಿಯಮಗಳು ಬೇಕಾದ ಲೆಕ್ಕದಲ್ಲಿ ಮೊದಲು ಯಾವುದನ್ನು ಬಳಸಬೇಕು? ಕೋನವನ್ನು ರೇಡಿಯನ್ನಿನಲ್ಲಿಯೇ ಇಟ್ಟುಕೊಳ್ಳಬೇಕು ಎಂದು ಏಕೆ ಹೇಳುತ್ತಾರೆ?

ಉತ್ತರ: ವಿಜಯಪುರದಲ್ಲಿ ಪಿಯು ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವ ನನ್ನ ಮುಂದೆ ಪ್ರತಿ ವರ್ಷವೂ ಬರುವ ಪ್ರಶ್ನೆ ಇದು. ಆದರೆ ನಿಮ್ಮಷ್ಟು ಸ್ಪಷ್ಟವಾಗಿ ಕೇಳುವವರು ಕಡಿಮೆ. ಹೆಚ್ಚಿನವರು ‘ಅವಕಲನ ಬರುವುದಿಲ್ಲ’ ಎಂದಷ್ಟೇ ಹೇಳುತ್ತಾರೆ. ನಿಮಗೆ ಅವಕಲನ ಬರುತ್ತದೆ. ಎರಡು ನಿಯಮಗಳೂ ಬೇರೆ ಬೇರೆಯಾಗಿ ಗೊತ್ತಿವೆ. ಗೊತ್ತಿಲ್ಲದ್ದು ಒಂದೇ: ಎದುರಿಗಿರುವ ಫಲನವನ್ನು (ಫಂಕ್ಷನ್) ಓದುವುದು ಹೇಗೆ ಎಂಬುದು. ಅದನ್ನು ಕಲಿತರೆ ಉಳಿದದ್ದು ಅಭ್ಯಾಸ. ಸೂತ್ರಗಳನ್ನು ಇಲ್ಲಿ ಬಾಯಲ್ಲಿ ಹೇಳುವಂತೆಯೇ ಬರೆಯುತ್ತೇನೆ. ನೀವು ಓದುತ್ತ ಓದುತ್ತ ನೋಟುಬುಕ್ಕಿನಲ್ಲಿ ಸಂಕೇತಗಳಿಗೆ ಇಳಿಸಿಕೊಳ್ಳಿ.

ಮೊದಲು ಯಾವ ನಿಯಮ ಎಂಬುದಕ್ಕೆ ನೇರ ಉತ್ತರ ಹೀಗಿದೆ. ಎಕ್ಸ್‌ಗೆ ಒಂದು ಬೆಲೆ ಕೊಟ್ಟು ಫಲನದ ಬೆಲೆಯನ್ನು ಲೆಕ್ಕ ಹಾಕುತ್ತಿದ್ದೀರಿ ಎಂದುಕೊಳ್ಳಿ. ಕಟ್ಟಕಡೆಗೆ ಮಾಡುವ ಕೆಲಸ ಯಾವುದು? ಅದು ಗುಣಾಕಾರವಾದರೆ ಮೊದಲು ಗುಣಲಬ್ಧದ ನಿಯಮ. ಅದು ಸೈನ್ ತೆಗೆಯುವುದೋ, ವರ್ಗ ಮಾಡುವುದೋ, ಮೂಲ ತೆಗೆಯುವುದೋ ಆಗಿದ್ದರೆ ಮೊದಲು ಸರಪಳಿ ನಿಯಮ. ಲೆಕ್ಕ ಹಾಕುವಾಗ ಕೊನೆಗೆ ಬಂದದ್ದು ಅವಕಲನದಲ್ಲಿ ಮೊದಲು ಬರುತ್ತದೆ. ಇದಕ್ಕಿಂತ ಹೆಚ್ಚಿನ ಗುಟ್ಟು ಇಲ್ಲಿ ಇಲ್ಲ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಎಕ್ಸ್² ಸೈನ್ 3ಎಕ್ಸ್ ಎಂಬಲ್ಲಿ ಎಕ್ಸ್ = 2 ಎಂದಿಟ್ಟುಕೊಳ್ಳಿ. 2ರ ವರ್ಗ 4. ಅದನ್ನು ಪಕ್ಕದಲ್ಲಿಟ್ಟು, 3ನ್ನು 2ರಿಂದ ಗುಣಿಸಿದರೆ 6. ಆಮೇಲೆ ಸೈನ್ 6. ಕಡೆಗೆ 4ನ್ನೂ ಸೈನ್ 6ನ್ನೂ ಗುಣಿಸಬೇಕು. ಕೊನೆಯ ಕೆಲಸ ಗುಣಾಕಾರ. ಆದ್ದರಿಂದ ಇಡೀ ಫಲನಕ್ಕೆ ಗುಣಲಬ್ಧದ ನಿಯಮ. ಒಳಗಿನ ಸೈನ್ 3ಎಕ್ಸ್ ಅನ್ನು ಅವಕಲಿಸುವ ಸರದಿ ಬಂದಾಗ ಮಾತ್ರ ಸರಪಳಿ ನಿಯಮ ಬೇಕು, ಏಕೆಂದರೆ ಅಲ್ಲಿ ಕೊನೆಯ ಕೆಲಸ ಸೈನ್ ತೆಗೆಯುವುದು.

ಈಗ ಸೈನ್ (ಎಕ್ಸ್ ಕಾಸ್ ಎಕ್ಸ್) ನೋಡಿ. ಇದರಲ್ಲಿಯೂ ಗುಣಾಕಾರವಿದೆ, ಸೈನ್ ಇದೆ, ಕಾಸ್ ಇದೆ. ಆದರೆ ಎಕ್ಸ್ ಮತ್ತು ಕಾಸ್ ಎಕ್ಸ್ ಗುಣಿಸಿದ ಮೇಲೆ, ಬಂದ ಸಂಖ್ಯೆಯ ಸೈನ್ ತೆಗೆಯಬೇಕು. ಕೊನೆಯ ಕೆಲಸ ಸೈನ್. ಆದ್ದರಿಂದ ಮೊದಲು ಸರಪಳಿ, ಒಳಗೆ ಹೋದ ಮೇಲೆ ಗುಣಲಬ್ಧ. ಎರಡು ಲೆಕ್ಕಗಳಲ್ಲಿಯೂ ನಿಯಮಗಳು ಅವೇ, ಸರದಿ ತಿರುವುಮುರುವು. ಹಾಗಾಗಿ ‘ಯಾವಾಗಲೂ ಮೊದಲು ಪ್ರಾಡಕ್ಟ್ ರೂಲ್’ ಎಂದು ಯಾರಾದರೂ ಹೇಳಿಕೊಟ್ಟಿದ್ದರೆ ಅದನ್ನು ಬಿಟ್ಟುಬಿಡಿ. ನಿಯಮಗಳಿಗೆ ತಮ್ಮಷ್ಟಕ್ಕೆ ಹಿರಿತನವಿಲ್ಲ. ಸರದಿಯನ್ನು ನಿರ್ಧರಿಸುವುದು ಫಲನದ ಕಟ್ಟೋಣ.

ಇನ್ನು ನಿಮ್ಮ ತಪ್ಪಿಗೆ ಬರೋಣ. 2ಎಕ್ಸ್ ಕಾಸ್ 3ಎಕ್ಸ್ ಎಂಬ ಉತ್ತರದಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ. ಎರಡನ್ನೂ ಬಿಡಿಸಿ ನೋಡದಿದ್ದರೆ ಅವು ಮತ್ತೆ ಬರುತ್ತವೆ.

ಮೊದಲನೆಯದು, ಎರಡು ಫಲನಗಳ ನಿಷ್ಪನ್ನಗಳನ್ನು, ಅಂದರೆ ಅವಕಲಿಸಿದಾಗ ಸಿಗುವ ಬದಲಾವಣೆಯ ದರಗಳನ್ನು, ಹಾಗೆಯೇ ಗುಣಿಸಿದ್ದು. ಎಕ್ಸ್²ದ ನಿಷ್ಪನ್ನ 2ಎಕ್ಸ್, ಸೈನ್‌ನ ನಿಷ್ಪನ್ನ ಕಾಸ್, ಎರಡನ್ನೂ ಸೇರಿಸಿ ಗುಣಿಸಿದರಾಯಿತು ಎಂದು ಮನಸ್ಸು ಹೇಳುತ್ತದೆ. ಈ ಆಸೆ ನಿಮ್ಮೊಬ್ಬರದೇ ಅಲ್ಲ. ಕಲನಶಾಸ್ತ್ರವನ್ನು ಕಟ್ಟಿದ ಲೈಬ್ನಿಟ್ಸ್ 1675ರ ನವೆಂಬರಿನ ತನ್ನ ಟಿಪ್ಪಣಿಗಳಲ್ಲಿ ಇದೇ ಪ್ರಶ್ನೆಯನ್ನು ಹಾಕಿಕೊಂಡಿದ್ದಾನೆ: ಗುಣಲಬ್ಧದ ಅವಕಲನವು ಅವಕಲನಗಳ ಗುಣಲಬ್ಧವೇ? ಉದಾಹರಣೆ ಹಿಡಿದು ನೋಡಿ, ಅಲ್ಲ ಎಂದು ಕಂಡುಕೊಂಡ. ನೀವೂ ಅದನ್ನೇ ಮಾಡಬಹುದು. ಎಕ್ಸ್² ಎಂದರೆ ಎಕ್ಸ್ × ಎಕ್ಸ್. ಎಕ್ಸ್‌ನ ನಿಷ್ಪನ್ನ 1. ನಿಷ್ಪನ್ನಗಳನ್ನು ಗುಣಿಸಿದರೆ 1 × 1 = 1. ಆದರೆ ಎಕ್ಸ್²ದ ನಿಷ್ಪನ್ನ 2ಎಕ್ಸ್ ಎಂದು ನಿಮಗೆ ಗೊತ್ತು. ಒಂದೇ ಸಾಲಿನಲ್ಲಿ ಆ ದಾರಿ ಮುಚ್ಚಿಹೋಯಿತು.

ಹಾಗಾದರೆ ಸರಿಯಾದದ್ದು ಏಕೆ ಎರಡು ಪದಗಳ ಮೊತ್ತವಾಗಿ ಬರುತ್ತದೆ? ಇದನ್ನು ಆಯತದ ಮೇಲೆ ನೋಡಿದವರು ಮತ್ತೆ ಮರೆಯುವುದಿಲ್ಲ. ಒಂದು ಆಯತದ ಬಾಹುಗಳು 10 ಮತ್ತು 6. ವಿಸ್ತೀರ್ಣ 60. ಈಗ 10 ಇದ್ದದ್ದು 0.01ರಷ್ಟು, 6 ಇದ್ದದ್ದು 0.02ರಷ್ಟು ಬೆಳೆಯಲಿ. ಹೊಸ ವಿಸ್ತೀರ್ಣ 10.01 × 6.02 = 60.2602. ಹೆಚ್ಚಾದದ್ದು 0.2602. ಇದು ಎಲ್ಲಿಂದ ಬಂತು ಎಂದು ಹುಡುಕಿ. ಒಂದು ಬದಿಗೆ 6 ಉದ್ದ, 0.01 ಅಗಲದ ಪಟ್ಟಿ ಸೇರಿತು: 0.06. ಇನ್ನೊಂದು ಬದಿಗೆ 10 ಉದ್ದ, 0.02 ಅಗಲದ ಪಟ್ಟಿ: 0.20. ಮೂಲೆಯಲ್ಲಿ 0.01 × 0.02 ಅಳತೆಯ ಚಿಕ್ಕ ಚೂರು: 0.0002. ಬೆಳವಣಿಗೆಯನ್ನು ಇನ್ನೂ ಕಿರಿದು ಮಾಡುತ್ತ ಹೋದಂತೆ ಆ ಮೂಲೆಯ ಚೂರು ಪಟ್ಟಿಗಳ ಮುಂದೆ ಲೆಕ್ಕಕ್ಕೇ ಬಾರದಷ್ಟು ಸಣ್ಣದಾಗುತ್ತದೆ. ಉಳಿಯುವುದು ಎರಡು ಪಟ್ಟಿಗಳು. ಒಂದರಲ್ಲಿ ಮೊದಲನೆಯ ಬಾಹು ಬೆಳೆದಿದೆ, ಎರಡನೆಯದು ಇದ್ದಂತೆಯೇ ಇದೆ. ಇನ್ನೊಂದರಲ್ಲಿ ಎರಡನೆಯದು ಬೆಳೆದಿದೆ, ಮೊದಲನೆಯದು ಇದ್ದಂತೆಯೇ ಇದೆ. ಗುಣಲಬ್ಧದ ನಿಯಮ ಎಂದರೆ ಈ ಎರಡು ಪಟ್ಟಿಗಳೇ:

ಮೊದಲನೆಯದರ ನಿಷ್ಪನ್ನ × ಎರಡನೆಯದು + ಮೊದಲನೆಯದು × ಎರಡನೆಯದರ ನಿಷ್ಪನ್ನ.

ನಿಷ್ಪನ್ನಗಳನ್ನೇ ಗುಣಿಸಿದವರು ಹಿಡಿದದ್ದು ಮೂಲೆಯ ಚೂರನ್ನು. ಬಿಸಾಡಬೇಕಾದದ್ದನ್ನು ಇಟ್ಟುಕೊಂಡು, ಇಟ್ಟುಕೊಳ್ಳಬೇಕಾದ ಎರಡನ್ನೂ ಬಿಟ್ಟಂತಾಯಿತು. ಆ ಉತ್ತರ ಅಷ್ಟು ದೂರ ಹೋಗುವುದಕ್ಕೆ ಕಾರಣ ಇದೇ.

ಎರಡನೆಯ ತಪ್ಪು, ಸೈನ್ 3ಎಕ್ಸ್‌ನ ನಿಷ್ಪನ್ನವನ್ನು ಕಾಸ್ 3ಎಕ್ಸ್ ಎಂದಷ್ಟೇ ಬರೆದು 3ನ್ನು ಬಿಟ್ಟದ್ದು. ಸರಪಳಿ ನಿಯಮದ ಅರ್ಥವನ್ನು ಹಿಟ್ಟಿನ ಗಿರಣಿಯಲ್ಲಿ ನಿಂತು ನೋಡಬಹುದು. ಮೋಟಾರಿನಿಂದ ಪಟ್ಟಾ ನಡುವಿನ ದಂಡಕ್ಕೆ ಹೋಗುತ್ತದೆ, ದಂಡದಿಂದ ಇನ್ನೊಂದು ಪಟ್ಟಾ ಕಲ್ಲಿಗೆ ಹೋಗುತ್ತದೆ. ಮೋಟಾರು ಎರಡು ಸುತ್ತು ತಿರುಗಿದರೆ ದಂಡ ಒಂದು ಸುತ್ತು, ದಂಡ ಮೂರು ಸುತ್ತು ತಿರುಗಿದರೆ ಕಲ್ಲು ಒಂದು ಸುತ್ತು ಎಂದಿರಲಿ. ಮೋಟಾರಿನ ಒಂದು ಸುತ್ತಿಗೆ ಕಲ್ಲು ಎಷ್ಟು ತಿರುಗಿತು? ½ × ⅓, ಅಂದರೆ ಆರನೆಯ ಒಂದು ಭಾಗ. ಒಂದರ ಬೆನ್ನಿಗೆ ಒಂದು ಇರುವಲ್ಲಿ ದರಗಳು ಗುಣಿಸಿಕೊಳ್ಳುತ್ತವೆ, ಕೂಡಿಕೊಳ್ಳುವುದಿಲ್ಲ. ಎಕ್ಸ್ ಒಂದು ಹೆಜ್ಜೆ ಇಟ್ಟಾಗ 3ಎಕ್ಸ್ ಮೂರು ಹೆಜ್ಜೆ ಇಡುತ್ತದೆ. ಆ ಮೂರು ಹೆಜ್ಜೆಗಳಿಗೆ ತಕ್ಕಂತೆ ಸೈನ್ ಬದಲಾಗುತ್ತದೆ. ಆದ್ದರಿಂದ ಕಾಸ್ 3ಎಕ್ಸ್‌ಗೆ 3ರ ಗುಣಕ ಬರಲೇಬೇಕು.

ಗಿರಣಿಗೂ ನಮ್ಮ ಫಲನಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ, ಅದೇ ಹೆಚ್ಚು ಕಲಿಸುತ್ತದೆ. ಗಿರಣಿಯಲ್ಲಿ ದರ ಎಂದೂ ಬದಲಾಗದು. ಸೈನ್‌ನ ದರವಾದರೋ ಅದು ಎಲ್ಲಿ ನಿಂತಿದೆ ಎಂಬುದರ ಮೇಲೆ ಬದಲಾಗುತ್ತದೆ. ಸೊನ್ನೆಯ ಬಳಿ ವೇಗವಾಗಿ ಏರುತ್ತದೆ, 90 ಡಿಗ್ರಿಯ ಬಳಿ ನಿಂತೇಹೋಗುತ್ತದೆ. ಹಾಗಾದರೆ ಈಗ ಸೈನ್ ನಿಂತಿರುವುದು ಎಲ್ಲಿ? ಎಕ್ಸ್‌ನಲ್ಲಿ ಅಲ್ಲ, 3ಎಕ್ಸ್‌ನಲ್ಲಿ. ಅದರ ದರವನ್ನು ಅಲ್ಲಿಯೇ ಅಳೆಯಬೇಕು. ಹಾಗಾಗಿ ಕಾಸ್ ಎಕ್ಸ್ ಅಲ್ಲ, ಕಾಸ್ 3ಎಕ್ಸ್. ಹೊರಗಿನದನ್ನು ಅವಕಲಿಸುವಾಗ ಒಳಗಿನದನ್ನು ಮುಟ್ಟಬಾರದು ಎಂದು ಅಧ್ಯಾಪಕರು ಮತ್ತೆ ಮತ್ತೆ ಹೇಳುವುದರ ಹಿಂದೆ ಇರುವುದು ಇದು. ಸೈನ್ (ಎಕ್ಸ್²)ದ ನಿಷ್ಪನ್ನವನ್ನು ಕಾಸ್ (2ಎಕ್ಸ್) ಎಂದು ಬರೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ. ಅವರು ನಿಯಮವನ್ನು ಮರೆತಿಲ್ಲ. ಸೈನ್ ಎಂಬುದು ಯಾವುದೋ ಒಂದು ಸಂಖ್ಯೆಯ ಮೇಲೆ ಕೆಲಸ ಮಾಡುತ್ತದೆ ಎಂಬುದನ್ನೇ ಬಿಟ್ಟಿದ್ದಾರೆ. ಸರಿಯಾದದ್ದು ಕಾಸ್ (ಎಕ್ಸ್²) × 2ಎಕ್ಸ್. ಎಕ್ಸ್² ತನ್ನ ಜಾಗದಲ್ಲಿಯೇ ಉಳಿಯಿತು, ಅದರ ನಿಷ್ಪನ್ನ ಹೊರಗೆ ಬಂದು ಗುಣಕವಾಯಿತು.

ಈಗ ನಿಮ್ಮ ಲೆಕ್ಕವನ್ನು ಪೂರ್ತಿ ಮಾಡೋಣ. ಮೊದಲನೆಯದು ಎಕ್ಸ್², ನಿಷ್ಪನ್ನ 2ಎಕ್ಸ್. ಎರಡನೆಯದು ಸೈನ್ 3ಎಕ್ಸ್, ನಿಷ್ಪನ್ನ 3 ಕಾಸ್ 3ಎಕ್ಸ್. ಆದ್ದರಿಂದ

ಉತ್ತರ = 2ಎಕ್ಸ್ ಸೈನ್ 3ಎಕ್ಸ್ + 3ಎಕ್ಸ್² ಕಾಸ್ 3ಎಕ್ಸ್.

ಇದು ಸರಿ ಎಂದು ನನ್ನ ಮಾತನ್ನು ನಂಬಬೇಡಿ, ಪರೀಕ್ಷಿಸಿ. ಪರೀಕ್ಷಾ ಕೊಠಡಿಯಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ, ಮನೆಯಲ್ಲಿ ಮೊಬೈಲಿನಲ್ಲಿ ಇದೆ. ಅದನ್ನು ರೇಡಿಯನ್‌ಗೆ ಇಟ್ಟುಕೊಂಡು ಎಕ್ಸ್ = 1 ಮತ್ತು ಎಕ್ಸ್ = 1.001 ಎಂಬಲ್ಲಿ ಫಲನದ ಬೆಲೆ ನೋಡಿ. ಮೊದಲನೆಯದು 0.141120, ಎರಡನೆಯದು 0.138426. ವ್ಯತ್ಯಾಸ −0.002694. ಅದನ್ನು 0.001ರಿಂದ ಭಾಗಿಸಿದರೆ −2.694. ನಮ್ಮ ಉತ್ತರದಲ್ಲಿ ಎಕ್ಸ್ = 1 ಹಾಕಿದರೆ 2 ಸೈನ್ 3 + 3 ಕಾಸ್ 3 = −2.688. ಎರಡೂ ಹತ್ತಿರ ಹತ್ತಿರ ಬಂದವು. ನೀವು ಬರೆದ 2ಎಕ್ಸ್ ಕಾಸ್ 3ಎಕ್ಸ್ ಕೊಡುವುದು −1.980. ಯಾರನ್ನೂ ಕೇಳದೆ, ಪುಸ್ತಕದ ಹಿಂದಿನ ಪುಟ ತೆರೆಯದೆ ನಿಮ್ಮ ಉತ್ತರವನ್ನು ನೀವೇ ತೂಗಿ ನೋಡಬಹುದು. ವಾರಕ್ಕೆ ಒಂದೆರಡು ಲೆಕ್ಕಗಳನ್ನಾದರೂ ಹೀಗೆ ನೋಡಿದ ವಿದ್ಯಾರ್ಥಿಗಳಿಗೆ ನಿಷ್ಪನ್ನ ಎಂದರೆ ದರ ಎಂಬುದು ಬಾಯಿಪಾಠವಾಗಿ ಉಳಿಯುವುದಿಲ್ಲ.

ಸೈನ್² ಎಕ್ಸ್ ಮತ್ತು ಸೈನ್ ಎಕ್ಸ್² ವಿಚಾರದಲ್ಲಿ ತಪ್ಪು ನಿಮ್ಮದಕ್ಕಿಂತ ಬರವಣಿಗೆಯ ರೂಢಿಯದು. ಸೈನ್² ಎಕ್ಸ್ ಎಂದು ಬರೆಯುವುದು ಗಣಿತದ ಹಳೆಯ ಅಭ್ಯಾಸ, ಅದನ್ನು ಬದಲಿಸಲು ನಮ್ಮಿಂದ ಆಗದು. ನೋಟುಬುಕ್ಕಿನಲ್ಲಿ ಮಾತ್ರ ಮೊದಲ ಸಾಲಿನಲ್ಲಿಯೇ ಆವರಣ ಹಾಕಿ (ಸೈನ್ ಎಕ್ಸ್)² ಎಂದು ಬರೆದುಕೊಳ್ಳಿ. ಕೊನೆಯ ಕೆಲಸ ಯಾವುದು ಎಂಬುದು ಆಗ ಕಣ್ಣಿಗೇ ಕಾಣುತ್ತದೆ: ವರ್ಗ. ಹೊರಗಿನ ವರ್ಗವನ್ನು ಅವಕಲಿಸಿದರೆ 2 (ಸೈನ್ ಎಕ್ಸ್), ಒಳಗಿನ ಸೈನ್‌ಗೆ ಕಾಸ್ ಎಕ್ಸ್. ಉತ್ತರ 2 ಸೈನ್ ಎಕ್ಸ್ ಕಾಸ್ ಎಕ್ಸ್, ಅಂದರೆ ಸೈನ್ 2ಎಕ್ಸ್. ಇದನ್ನೇ ಸೈನ್ ಎಕ್ಸ್ × ಸೈನ್ ಎಕ್ಸ್ ಎಂದು ಬಿಡಿಸಿ ಗುಣಲಬ್ಧದ ನಿಯಮದಿಂದ ಮಾಡಿ ನೋಡಿ. ಕಾಸ್ ಎಕ್ಸ್ ಸೈನ್ ಎಕ್ಸ್ + ಸೈನ್ ಎಕ್ಸ್ ಕಾಸ್ ಎಕ್ಸ್, ಅದೇ ಉತ್ತರ. ಎರಡು ನಿಯಮಗಳೂ ಒಂದನ್ನೊಂದು ಒಪ್ಪುತ್ತವೆ ಎಂದು ಇಲ್ಲಿ ನೋಡುವುದು ನನಗೆ ಬಹಳ ಇಷ್ಟ. ಇನ್ನೂ ಒಂದು ಪರೀಕ್ಷೆ ಇದೆ. ಕಾಸ್² ಎಕ್ಸ್‌ನ ನಿಷ್ಪನ್ನ −2 ಕಾಸ್ ಎಕ್ಸ್ ಸೈನ್ ಎಕ್ಸ್. ಎರಡನ್ನೂ ಕೂಡಿದರೆ ಸೊನ್ನೆ. ಆಗಲೇಬೇಕು, ಏಕೆಂದರೆ ಸೈನ್² ಎಕ್ಸ್ + ಕಾಸ್² ಎಕ್ಸ್ ಯಾವಾಗಲೂ 1, ಬದಲಾಗದ ಸಂಖ್ಯೆಗೆ ದರವಿಲ್ಲ.

ಸೈನ್‌ನ ತಲೆಯ ಮೇಲೆ −1 ಬರೆದಾಗ ಮಾತ್ರ ಈ ರೂಢಿ ನಡೆಯುವುದಿಲ್ಲ. ಅದು ವಿಲೋಮ ಫಲನ, ಅಂದರೆ ಸೈನ್‌ನ ಬೆಲೆಯಿಂದ ಕೋನಕ್ಕೆ ಹಿಂತಿರುಗುವುದು. ಸೈನ್‌ನ ವ್ಯುತ್ಕ್ರಮ, ಅಂದರೆ 1 / ಸೈನ್, ಅಲ್ಲ. ಅದರ ಅವಕಲನ ಬೇರೆಯೇ ಪಾಠ.

ಮೂರು ಪದರಗಳ ಒಂದು ಲೆಕ್ಕವನ್ನು ಈಗ ಮಾಡೋಣ, ಪಿಯು ಪ್ರಶ್ನೆಗಳಲ್ಲಿ ಗೊಂದಲ ಹುಟ್ಟಿಸುವುದು ಇಂಥವೇ. ಕಾಸ್³ 2ಎಕ್ಸ್ × ಸೈನ್ 5ಎಕ್ಸ್. ಕೊನೆಯ ಕೆಲಸ ಗುಣಾಕಾರ, ಆದ್ದರಿಂದ ಎರಡು ಪಟ್ಟಿಗಳು ಬರಬೇಕು ಎಂದು ಮೊದಲೇ ತಿಳಿಯಿತು. ಮೊದಲನೆಯ ಫಲನ (ಕಾಸ್ 2ಎಕ್ಸ್)³ ಮಾತ್ರ ತೆಗೆದುಕೊಂಡು ಪಕ್ಕದಲ್ಲಿ ಬಿಡಿಸಿ. ಕೊನೆಯ ಕೆಲಸ ಘನ: 3 (ಕಾಸ್ 2ಎಕ್ಸ್)². ಅದರ ಒಳಗೆ ಕಾಸ್: −ಸೈನ್ 2ಎಕ್ಸ್. ಅದರ ಒಳಗೆ 2ಎಕ್ಸ್: 2. ಮೂರನ್ನೂ ಗುಣಿಸಿದರೆ −6 ಕಾಸ್² 2ಎಕ್ಸ್ ಸೈನ್ 2ಎಕ್ಸ್. ಎರಡನೆಯ ಫಲನದ ನಿಷ್ಪನ್ನ 5 ಕಾಸ್ 5ಎಕ್ಸ್. ಈಗ ಪಟ್ಟಿಗಳನ್ನು ಜೋಡಿಸಿ:

−6 ಕಾಸ್² 2ಎಕ್ಸ್ ಸೈನ್ 2ಎಕ್ಸ್ ಸೈನ್ 5ಎಕ್ಸ್ + 5 ಕಾಸ್³ 2ಎಕ್ಸ್ ಕಾಸ್ 5ಎಕ್ಸ್.

ಇಲ್ಲಿ ಎಕ್ಸ್ = 0 ಹಾಕಿದರೆ ಮೊದಲ ಪದ ಹೋಗುತ್ತದೆ, ಉಳಿಯುವುದು 5. ಫಲನವನ್ನು ನೋಡಿದರೂ ಹಾಗೆಯೇ ಇರಬೇಕು: ಸೊನ್ನೆಯ ಬಳಿ ಕಾಸ್ ಹೆಚ್ಚುಕಡಿಮೆ 1, ಸೈನ್ 5ಎಕ್ಸ್ ಹೆಚ್ಚುಕಡಿಮೆ 5ಎಕ್ಸ್, ಆದ್ದರಿಂದ ಫಲನ 5ರ ದರದಲ್ಲಿ ಏರುತ್ತದೆ. ಇಂಥ ಕಿರು ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಪರೀಕ್ಷಾ ಕೊಠಡಿಯಲ್ಲಿಯೂ ಮಾಡಬಹುದು.

ಪಕ್ಕದಲ್ಲಿ ಬಿಡಿಸಿ ಎಂದು ಬೇಕೆಂದೇ ಹೇಳಿದೆ. ಒಂದೇ ಸಾಲಿನಲ್ಲಿ ಎಲ್ಲವನ್ನೂ ಮಾಡಿ ಮುಗಿಸುವುದು ಜಾಣತನ ಎಂಬ ಭಾವನೆ ನಮ್ಮ ಭಾಗದ ಟ್ಯೂಷನ್‌ಗಳಲ್ಲಿ ಬೆಳೆದಿದೆ. ನಾನು ಅದನ್ನು ಒಪ್ಪುವುದಿಲ್ಲ. ಕಲಿಯುವ ವರ್ಷದಲ್ಲಿ ಪ್ರತಿ ಪದರಕ್ಕೂ ಒಂದು ಸಾಲು ಕೊಡಿ. ವೇಗ ತಾನಾಗಿಯೇ ಬರುತ್ತದೆ, ಮತ್ತು ಬರೆದ ಹಂತಗಳಿಗೆ ಅಂಕಗಳೂ ಇರುತ್ತವೆ.

ಮೊದಲು ಹೇಳಿದ ಸೈನ್ (ಎಕ್ಸ್ ಕಾಸ್ ಎಕ್ಸ್) ಉಳಿದಿದೆ. ಹೊರಗೆ ಕಾಸ್ (ಎಕ್ಸ್ ಕಾಸ್ ಎಕ್ಸ್), ಒಳಗೆ ಗುಣಲಬ್ಧದ ನಿಯಮದಿಂದ ಕಾಸ್ ಎಕ್ಸ್ − ಎಕ್ಸ್ ಸೈನ್ ಎಕ್ಸ್. ಉತ್ತರ (ಕಾಸ್ ಎಕ್ಸ್ − ಎಕ್ಸ್ ಸೈನ್ ಎಕ್ಸ್) × ಕಾಸ್ (ಎಕ್ಸ್ ಕಾಸ್ ಎಕ್ಸ್). ಒಳಗಿನದು ಎರಡು ಪದಗಳಾಗಿ ಬಂದಾಗ ಆವರಣ ಹಾಕದೆ ಬಿಡುವುದು ಸಾಮಾನ್ಯ ತಪ್ಪು. ಆವರಣ ಹೋದರೆ ಗುಣಕ ಒಂದು ಪದಕ್ಕೆ ಮಾತ್ರ ಅಂಟಿಕೊಂಡು ಅರ್ಥವೇ ಬದಲಾಗುತ್ತದೆ.

ಟ್ಯಾನ್‌ನ ನಿಷ್ಪನ್ನ ಸೆಕ್² ಎಂದು ನೀವು ಬಾಯಿಪಾಠ ಮಾಡಿರುತ್ತೀರಿ. ಅದನ್ನೂ ಈ ಎರಡು ನಿಯಮಗಳಿಂದಲೇ ಪಡೆಯಬಹುದು, ಭಾಗಲಬ್ಧದ ನಿಯಮ ಬೇಕಿಲ್ಲ. ಟ್ಯಾನ್ ಎಕ್ಸ್ = ಸೈನ್ ಎಕ್ಸ್ × (ಕಾಸ್ ಎಕ್ಸ್)⁻¹ ಎಂದು ಬರೆಯಿರಿ. ಕೊನೆಯ ಕೆಲಸ ಗುಣಾಕಾರ. ಮೊದಲ ಪಟ್ಟಿ ಕಾಸ್ ಎಕ್ಸ್ × (ಕಾಸ್ ಎಕ್ಸ್)⁻¹ = 1. ಎರಡನೆಯ ಪಟ್ಟಿಯಲ್ಲಿ (ಕಾಸ್ ಎಕ್ಸ್)⁻¹ ಅನ್ನು ಸರಪಳಿಯಿಂದ ಅವಕಲಿಸಿದರೆ −1 × (ಕಾಸ್ ಎಕ್ಸ್)⁻² × (−ಸೈನ್ ಎಕ್ಸ್). ಎರಡು ಋಣ ಚಿಹ್ನೆಗಳು ಸೇರಿ ಧನವಾಗುತ್ತವೆ. ಅದನ್ನು ಸೈನ್ ಎಕ್ಸ್‌ನಿಂದ ಗುಣಿಸಿದರೆ ಸೈನ್² ಎಕ್ಸ್ / ಕಾಸ್² ಎಕ್ಸ್, ಅಂದರೆ ಟ್ಯಾನ್² ಎಕ್ಸ್. ಒಟ್ಟು 1 + ಟ್ಯಾನ್² ಎಕ್ಸ್ = ಸೆಕ್² ಎಕ್ಸ್. ಋಣ ಚಿಹ್ನೆ ಎಲ್ಲಿ ಬರುತ್ತದೆ ಎಂಬ ಅನುಮಾನ ಇದ್ದರೆ ಇಷ್ಟು ನೆನಪಿಡಿ: ‘ಕೊ’ದಿಂದ ಹೊರಡುವ ಮೂರು, ಅಂದರೆ ಕೊಸೈನ್, ಕೊಟ್ಯಾಂಜೆಂಟ್, ಕೊಸೆಕೆಂಟ್, ಇವುಗಳ ನಿಷ್ಪನ್ನಕ್ಕೆ ಮಾತ್ರ ಋಣ ಚಿಹ್ನೆ ಇದೆ.

ಇನ್ನು ರೇಡಿಯನ್ನಿನ ಪ್ರಶ್ನೆ. ಇದಕ್ಕೂ ಉತ್ತರ ಸರಪಳಿ ನಿಯಮದಲ್ಲಿಯೇ ಇದೆ. ಎಕ್ಸ್ ಡಿಗ್ರಿ ಎಂದರೆ ರೇಡಿಯನ್ನಿನಲ್ಲಿ ಪೈ ಎಕ್ಸ್ / 180. ಹಾಗಾದರೆ ಸೈನ್ (ಎಕ್ಸ್ ಡಿಗ್ರಿ) ಎಂಬುದು ನಿಜವಾಗಿ ಸೈನ್ (ಪೈ ಎಕ್ಸ್ / 180). ಒಳಗೆ ಒಂದು ಗುಣಕ ಇದೆ, ಅದು ಹೊರಗೆ ಬರಬೇಕು. ನಿಷ್ಪನ್ನ (ಪೈ / 180) × ಕಾಸ್ (ಎಕ್ಸ್ ಡಿಗ್ರಿ). ಪರೀಕ್ಷಿಸೋಣ. ಸೈನ್ 30 ಡಿಗ್ರಿ 0.5000, ಸೈನ್ 31 ಡಿಗ್ರಿ 0.5150. ಒಂದು ಡಿಗ್ರಿಗೆ ಹೆಚ್ಚಿದ್ದು 0.0150. ಕಾಸ್ 30 ಡಿಗ್ರಿ 0.866. ಅದಕ್ಕೂ 0.0150ಕ್ಕೂ ಎಲ್ಲಿಯ ಸಂಬಂಧ? ಆದರೆ 0.866ನ್ನು ಪೈ / 180ರಿಂದ, ಅಂದರೆ 0.01745ರಿಂದ ಗುಣಿಸಿ: 0.0151. ರೇಡಿಯನ್ ಬಳಸಿದಾಗ ಈ ಗುಣಕ 1 ಆಗಿಬಿಡುತ್ತದೆ, ಸೈನ್‌ನ ನಿಷ್ಪನ್ನ ಬರಿಯ ಕಾಸ್ ಆಗಿ ಉಳಿಯುತ್ತದೆ. ಡಿಗ್ರಿ ನಿಷಿದ್ಧವಲ್ಲ. ಪ್ರತಿ ಸಾಲಿನಲ್ಲಿಯೂ ಆ ಗುಣಕವನ್ನು ಹೊತ್ತುಕೊಂಡು ತಿರುಗಬೇಕಾಗುತ್ತದೆ, ಅಷ್ಟೇ.

ಸೈನ್‌ನ ದರ ಕಾಸ್ ಎಂಬ ಈ ಮಾತಿನ ಬೇರು ನಮ್ಮ ನೆಲದಲ್ಲಿಯೂ ಇದೆ. ಎರಡನೆಯ ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಅವನೇ ಬರೆದಿದ್ದಾನೆ. ಅದು ವಿಜಯಪುರವೇ ಎಂದು ಇಲ್ಲಿ ಅನೇಕರು ಹೆಮ್ಮೆಯಿಂದ ಹೇಳುತ್ತಾರೆ, ವಿದ್ವಾಂಸರಲ್ಲಿ ಮಾತ್ರ ಆ ಬಗ್ಗೆ ಒಮ್ಮತವಿಲ್ಲ. ನನಗೆ ಊರಿಗಿಂತ ಮುಖ್ಯವಾದದ್ದು ಅವನು 1150ರಲ್ಲಿ ಮುಗಿಸಿದ ಸಿದ್ಧಾಂತ ಶಿರೋಮಣಿಯಲ್ಲಿ ಹೇಳಿದ ಒಂದು ಸಂಗತಿ. ಆಗಿನ ಜ್ಯಾ ಕೋಷ್ಟಕಗಳಲ್ಲಿ (ಜ್ಯಾ ಎಂದರೆ ತ್ರಿಜ್ಯದಿಂದ ಗುಣಿಸಿದ ಸೈನ್) ತ್ರಿಜ್ಯವನ್ನು 3438 ಕಲೆ (ಒಂದು ಕಲೆ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ) ಎಂದು ಇಟ್ಟುಕೊಳ್ಳುತ್ತಿದ್ದರು, 225 ಕಲೆಗಳಿಗೆ ಒಂದರಂತೆ, ಅಂದರೆ 3 ಡಿಗ್ರಿ 45 ಕಲೆಗಳಿಗೆ ಒಂದರಂತೆ ಜ್ಯಾಗಳನ್ನು ಕೊಡುತ್ತಿದ್ದರು. 30 ಡಿಗ್ರಿಗೆ ಜ್ಯಾ 1719. ಅದರ ಹಿಂದಿನದು 1520, ಮುಂದಿನದು 1910. ಹಿಂದಿನ ವ್ಯತ್ಯಾಸ 199, ಮುಂದಿನದು 191. ಹಾಗಾದರೆ ಸರಿಯಾಗಿ 30 ಡಿಗ್ರಿಯ ಕ್ಷಣದಲ್ಲಿ ಜ್ಯಾ ಯಾವ ದರದಲ್ಲಿ ಏರುತ್ತಿದೆ? ಭಾಸ್ಕರ ಹೇಳುವ ಕ್ರಮ ತ್ರೈರಾಶಿಕ: ಕೋಟಿಜ್ಯಾ (ತ್ರಿಜ್ಯದಿಂದ ಗುಣಿಸಿದ ಕಾಸ್) ತ್ರಿಜ್ಯದಷ್ಟೇ ಇದ್ದಾಗ ವ್ಯತ್ಯಾಸ 225, ಹಾಗಾದರೆ ಈಗಿನ ಕೋಟಿಜ್ಯಾಕ್ಕೆ ಎಷ್ಟು? 30 ಡಿಗ್ರಿಗೆ ಕೋಟಿಜ್ಯಾ 2977. ಅದನ್ನು 225ರಿಂದ ಗುಣಿಸಿ 3438ರಿಂದ ಭಾಗಿಸಿದರೆ 195. ಕೋಷ್ಟಕದ 199 ಮತ್ತು 191ರ ನಟ್ಟನಡುವೆ ಬಂದು ನಿಲ್ಲುತ್ತದೆ! ಗ್ರಹಗಳ ತಾತ್ಕಾಲಿಕ ಗತಿಯನ್ನು ಲೆಕ್ಕ ಹಾಕಲು ಅವನಿಗೆ ಇದು ಬೇಕಿತ್ತು. ಸೈನ್ ಬದಲಾಗುವ ದರ ಕಾಸ್‌ಗೆ ಅನುಪಾತದಲ್ಲಿದೆ ಎಂಬುದನ್ನು ಅವನು ಇಲ್ಲಿ ಬಳಸಿದ್ದಾನೆ. ಪೂರ್ಣ ಕಲನಶಾಸ್ತ್ರ ಇದಲ್ಲ, ಗುಣಲಬ್ಧದ ಮತ್ತು ಸರಪಳಿಯ ಸಾಮಾನ್ಯ ನಿಯಮಗಳು ಇಲ್ಲಿ ಇಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳಿದರೂ ಅದರ ಹಿರಿಮೆ ಕಡಿಮೆಯಾಗದು.

ಆ 3438 ಎಂಬ ಸಂಖ್ಯೆಯನ್ನೂ ಗಮನಿಸಿ. 60ರಿಂದ ಭಾಗಿಸಿದರೆ 57.3 ಡಿಗ್ರಿ, ಅದೇ ಒಂದು ರೇಡಿಯನ್. ಕಂಸವನ್ನೂ ತ್ರಿಜ್ಯವನ್ನೂ ಒಂದೇ ಮಾನದಲ್ಲಿ ಅಳೆದರೆ ಲೆಕ್ಕ ಹಗುರಾಗುತ್ತದೆ ಎಂಬ ಅರಿವು ಆ ಕೋಷ್ಟಕದೊಳಗೇ ಇತ್ತು.

ಒಳಗಿನ ಗುಣಕವನ್ನು ಬಿಟ್ಟರೆ ಎಷ್ಟು ಅನಾಹುತ ಎಂಬುದಕ್ಕೆ ಭೌತಶಾಸ್ತ್ರದಿಂದ ಒಂದು ಉದಾಹರಣೆ ಕೊಡುತ್ತೇನೆ, ನಿಮಗೆ ಅಲ್ಲಿಯೂ ಇದೇ ವರ್ಷ ಬರುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, ಸೆಕೆಂಡಿಗೆ 50 ಆವರ್ತ. 230 ಎಂಬುದು ಒಂದು ಬಗೆಯ ಸರಾಸರಿ, ಗರಿಷ್ಠ ಬೆಲೆ ಸುಮಾರು 325 ವೋಲ್ಟ್. ಆದ್ದರಿಂದ ಯಾವುದೇ ಕ್ಷಣದ ವೋಲ್ಟೇಜು 325 ಸೈನ್ (314 ಟಿ), ಇಲ್ಲಿ ಟಿ ಎಂದರೆ ಸೆಕೆಂಡುಗಳಲ್ಲಿ ಕಾಲ, 314 ಎಂದರೆ 2 × ಪೈ × 50. ಕಂಡೆನ್ಸರಿನಲ್ಲಿ ಹರಿಯುವ ವಿದ್ಯುತ್ ಪ್ರವಾಹವು ಅದರ ಧಾರಕತೆಯನ್ನು ವೋಲ್ಟೇಜಿನ ನಿಷ್ಪನ್ನದಿಂದ ಗುಣಿಸಿದಷ್ಟು. ಫ್ಯಾನುಗಳಲ್ಲಿ ಇರುವಂಥ 2.5 ಮೈಕ್ರೊಫ್ಯಾರಡ್ ಕಂಡೆನ್ಸರನ್ನು ನೇರವಾಗಿ ಈ ವೋಲ್ಟೇಜಿಗೆ ಜೋಡಿಸಿದೆ ಎಂದು ಕಾಗದದ ಮೇಲೆ ಮಾತ್ರ ಲೆಕ್ಕ ಹಾಕಿ. ನಿಷ್ಪನ್ನ 325 × 314 × ಕಾಸ್ (314 ಟಿ), ಗರಿಷ್ಠ ಬೆಲೆ ಸೆಕೆಂಡಿಗೆ ಸುಮಾರು 1,02,000 ವೋಲ್ಟ್. ಪ್ರವಾಹದ ಗರಿಷ್ಠ ಬೆಲೆ 0.255 ಆಂಪಿಯರ್. 314ನ್ನು ಮರೆತವರಿಗೆ ಸಿಗುವುದು 0.0008 ಆಂಪಿಯರ್. ಮುನ್ನೂರು ಪಟ್ಟು ಮಿಕ್ಕಿದ ತಪ್ಪು! ಹೀಗೆ ಲೆಕ್ಕ ಹಾಕಿ ತಂತಿಯ ದಪ್ಪ ನಿರ್ಧರಿಸುವ ಕೆಲಸ ಮುಂದೊಂದು ದಿನ ನಿಮ್ಮ ಕೈಗೇ ಬರಬಹುದು.

ಕೊನೆಗೆ, ನಿಮ್ಮ ಉತ್ತರ ಪುಸ್ತಕದ ಹಿಂದಿನದಕ್ಕೆ ಹೊಂದದಿದ್ದರೆ ಕೂಡಲೇ ಹೊಡೆದುಹಾಕಬೇಡಿ. ತ್ರಿಕೋನಮಿತಿಯಲ್ಲಿ ಒಂದೇ ಉತ್ತರ ಹಲವು ರೂಪಗಳಲ್ಲಿ ಬರುತ್ತದೆ. ಸೈನ್ ಎಕ್ಸ್ ಕಾಸ್ ಎಕ್ಸ್ ಎಂಬುದನ್ನು ನೀವು ಅವಕಲಿಸಿದರೆ ಕಾಸ್² ಎಕ್ಸ್ − ಸೈನ್² ಎಕ್ಸ್, ಪುಸ್ತಕದಲ್ಲಿ ಕಾಸ್ 2ಎಕ್ಸ್ ಇರಬಹುದು. ಎರಡೂ ಒಂದೇ. ಎರಡರಲ್ಲಿಯೂ ಎಕ್ಸ್‌ಗೆ ಒಂದೆರಡು ಸುಲಭ ಬೆಲೆಗಳನ್ನು ಹಾಕಿ ನೋಡಿ. ಹೊಂದದಿದ್ದರೆ ತಪ್ಪು ಖಚಿತ, ಹೊಂದಿದರೆ ಸೂತ್ರಗಳಿಂದ ಒಂದನ್ನು ಇನ್ನೊಂದಕ್ಕೆ ತರಲು ಪ್ರಯತ್ನಿಸಿ.

ಇಷ್ಟನ್ನು ಓದಿ ಮುಗಿಸಿದ ಮೇಲೆ ಈ ಲೆಕ್ಕವನ್ನು ನನ್ನ ಉತ್ತರ ನೋಡದೆ ಮಾಡಿ: ಎಕ್ಸ್ ಟ್ಯಾನ್² 3ಎಕ್ಸ್. ಮೊದಲು ಆವರಣ ಹಾಕಿ, ಕೊನೆಯ ಕೆಲಸ ಯಾವುದೆಂದು ಕೇಳಿಕೊಳ್ಳಿ, ಪದರಗಳನ್ನು ಪಕ್ಕದಲ್ಲಿ ಬಿಡಿಸಿ. ನಿಮಗೆ ಬರಬೇಕಾದದ್ದು ಟ್ಯಾನ್² 3ಎಕ್ಸ್ + 6ಎಕ್ಸ್ ಟ್ಯಾನ್ 3ಎಕ್ಸ್ ಸೆಕ್² 3ಎಕ್ಸ್. 6 ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಅದರಲ್ಲಿ 2 ವರ್ಗದಿಂದ ಬಂದದ್ದು, 3 ಒಳಗಿನ 3ಎಕ್ಸ್‌ನಿಂದ ಬಂದದ್ದು ಎಂದು ನೀವು ತೋರಿಸುವಂತಿರಬೇಕು.